ಮೀನುಮರಿಗಳ ಪ್ರಯಾಣಕ್ಕೆ ಉಪ್ಪೇಕೆ?

ಒಳನಾಡು ಮೀನು ಸಾಕಣೆಯನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮವನ್ನು ನೀವು ನೋಡಿದ್ದರೆ ಅದರ ಕೊನೆಯ ನಿಮಿಷ ನೆನಪಿರಬಹುದು. ಸಭಿಕರ ಸಾಲಿನಲ್ಲಿದ್ದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮರಿ ಸಾಗಿಸೋ ನೀರಿಗೆ ಉಪ್ಪು ಹಾಕ್ತಾರೆ ಅಂದ್ರಿ. ಕಾಟ್ಲಾ, ರೋಹು ಸಿಹಿನೀರಿನ ಮೀನಲ್ವಾ ಸಾರ್? ಅವಕ್ಕೆ ಉಪ್ಪು ಯಾಕೆ?" ಎಂದು ಕೇಳಿದಳು. ಅತಿಥಿಗಳು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ನಿಯಂತ್ರಣ ಕೊಠಡಿಯಲ್ಲಿದ್ದ ನಾನು ಸಮಯ ಮುಗಿಯಿತೆಂಬ ಸೂಚನೆ ಕೊಟ್ಟುಬಿಟ್ಟಿದ್ದೆ. ಪರದೆಯ ಮೇಲೆ ಹೆಸರುಗಳು ಓಡಿದವು. ಪ್ರಶ್ನೆ ಹಾಗೆಯೇ ಉಳಿಯಿತು.

ಆ ಸಾಲವನ್ನು ಈ ಪುಟಗಳಲ್ಲಿ ತೀರಿಸುತ್ತೇನೆ. ಉತ್ತರವನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಎರಡು ವಾಕ್ಯಗಳಿಗೆ ತಲುಪಲು ಮನುಷ್ಯ ನೂರು ವರ್ಷ ತೆಗೆದುಕೊಂಡ. ಆ ದಾರಿಯಲ್ಲಿ ಸತ್ತ ಮರಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಒಮ್ಮೆ ಆ ಲೆಕ್ಕಕ್ಕೆ ನಾನೂ ಒಂದಿಷ್ಟು ಸೇರಿಸಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ, ಮೀನುಮರಿ ಪ್ರಯಾಣ ಮಾಡುವುದಾದರೂ ಏಕೆ? ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗೆಂಡೆ ಜಾತಿಯ ಮೀನುಗಳು. ನಮ್ಮ ಕೆರೆಗಳಲ್ಲಿ ಸೊಗಸಾಗಿ ಬೆಳೆಯುತ್ತವೆ, ಆದರೆ ಸಾಮಾನ್ಯವಾಗಿ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮುಂಗಾರಿನ ಹೊಸ ನೀರು ನದಿಯಲ್ಲಿ ಕೆಂಪಗೆ ಉಕ್ಕಿ, ದಡ ಮೀರಿ ಹರಡಿದಾಗಲೇ ಅವಕ್ಕೆ ಸಂತಾನದ ನೆನಪು. ಹೀಗಾಗಿ ಕೆರೆಯಲ್ಲಿ ಮೀನು ಸಾಕಬೇಕೆನ್ನುವವನು ನದಿಯ ಕಡೆ ಮುಖ ಮಾಡಲೇಬೇಕಾಗಿತ್ತು. ಈ ವಿದ್ಯೆಯಲ್ಲಿ ಪಳಗಿದವರು ಬಂಗಾಳದವರು. ಮಳೆಗಾಲದ ಪ್ರವಾಹದಲ್ಲಿ ನದಿಯಂಚಿಗೆ ಸಾಲುಸಾಲಾಗಿ ಸಣ್ಣ ಕಣ್ಣಿನ ಬಲೆಗಳನ್ನು ಕಟ್ಟಿ, ತೇಲಿ ಬರುವ ಎಳೆಮರಿಗಳನ್ನು ಹಿಡಿದು, ಅವನ್ನು ಕಲ್ಕತ್ತೆಯ ಮಾರುಕಟ್ಟೆಗೆ ತರುತ್ತಿದ್ದರು. ಅಲ್ಲಿಂದ ರೈಲಿನಲ್ಲಿ ದೂರದೂರದ ಪ್ರಾಂತ್ಯಗಳಿಗೆ ಹೋಗುತ್ತಿದ್ದವು. ದಕ್ಷಿಣದ ಕೆರೆಗಳೂ ದಶಕಗಳ ಕಾಲ ಬಂಗಾಳದ ಮರಿಗಳಿಗಾಗಿ ಕಾದವು.

ಆ ರೈಲಿನ ಮೂರನೆಯ ದರ್ಜೆಯ ಡಬ್ಬಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ನೆಲದ ಮೇಲೆ ದುಂಡನೆಯ ಮಣ್ಣಿನ ಮಡಕೆಗಳು. ಬಂಗಾಳದಲ್ಲಿ ಅವನ್ನು ಹಾಂಡಿ ಎನ್ನುತ್ತಾರೆ. ನಮ್ಮ ಹಂಡೆಯನ್ನು ನೆನಪಿಸುವ ಹೆಸರು. ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಲೀಟರ್ ನೀರು. ಅದರಲ್ಲಿ ಜೀರಿಗೆ ಕಾಳಿನಷ್ಟೇ ಇರುವ ಸುಮಾರು ಐವತ್ತು ಸಾವಿರ ಎಳೆಮರಿಗಳು! ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ ಆಳು ರಾತ್ರಿಯಿಡೀ ಅಂಗೈಯಿಂದ ನೀರನ್ನು ತಟ್ಟುತ್ತಲೇ ಇರಬೇಕು, ಇಲ್ಲವೇ ಮಡಕೆಯನ್ನು ಕುಲುಕುತ್ತಿರಬೇಕು. ತೂಕಡಿಸಿದರೆ ಸರಕು ಹೋಯಿತು. ನಾಲ್ಕೈದು ಗಂಟೆಗೊಮ್ಮೆ ಒಂದಿಷ್ಟು ಹಳೆಯ ನೀರು ತೆಗೆದು ಹೊಸ ನೀರು ತುಂಬಬೇಕು.

ಇಷ್ಟರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆತ ಮಾಡುತ್ತಿದ್ದ ಇನ್ನೊಂದು ಕೆಲಸ ನೋಡಿ. ನುಣ್ಣಗೆ ಪುಡಿಮಾಡಿದ ಕೆಂಪು ಮಣ್ಣನ್ನು ಮಡಕೆಯ ನೀರಿಗೆ ಉದುರಿಸುತ್ತಿದ್ದ. ತಿಳಿನೀರನ್ನು ಬೇಕೆಂದೇ ಕದಡುವುದೇ? ಮೊದಲು ಓದಿದಾಗ ನನಗೂ ಇದು ಮೂಢನಂಬಿಕೆಯಂತೆ ಕಂಡಿತ್ತು. ಆದರೆ ಮಣ್ಣಿನ ಆ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುವ ಮಲ, ಲೋಳೆ, ಸತ್ತ ಮರಿಗಳ ಕೊಳೆ ಎಲ್ಲವನ್ನೂ ತಮಗೆ ಅಂಟಿಸಿಕೊಂಡು ಹೆಪ್ಪುಗಟ್ಟಿ ತಳಕ್ಕೆ ಇಳಿಯುತ್ತವೆ. ಆಮೇಲೆ ಸುರುಳಿ ಸುತ್ತಿದ ಬಟ್ಟೆಯನ್ನು ಮಡಕೆಯ ತಳದಲ್ಲಿ ಮೆಲ್ಲಗೆ ಆಡಿಸಿದರೆ ಆ ಕೆಸರೆಲ್ಲ ಬಟ್ಟೆಗೆ ಹತ್ತಿಕೊಂಡು ಮೇಲೆ ಬರುತ್ತದೆ. ನಗರದ ನೀರು ಶುದ್ಧೀಕರಣ ಘಟಕದಲ್ಲಿ ಆಲಂ ಮಾಡುವ ಕೆಲಸವನ್ನೇ ಇಲ್ಲಿ ಕೆಂಪು ಮಣ್ಣು ಮಾಡುತ್ತಿತ್ತು. ಮೀನುಮರಿ ಸಾಗಣೆಯಲ್ಲಿ ನೀರನ್ನು 'ಉಪಚರಿಸುವ' ಕಲೆ ನಮ್ಮಲ್ಲಿ ಹೀಗೆ ಓದುಬರಹ ಬಾರದ ಕೈಗಳಲ್ಲಿ ನಡೆದು ಬಂದಿತ್ತು. ಸಾಗಿಸುವ ಮುನ್ನ ಮರಿಗಳನ್ನು ಹಾಪಾ ಎಂಬ ಬಟ್ಟೆಯ ತೊಟ್ಟಿಲಲ್ಲಿ ಉಪವಾಸ ಇಡುವ ಕ್ರಮವೂ ಇತ್ತು. ಹೊಟ್ಟೆ ಖಾಲಿಯಾದ ಮರಿ ದಾರಿಯಲ್ಲಿ ನೀರು ಕೊಳೆ ಮಾಡುವುದಿಲ್ಲ.

ಅಂದರೆ ಆ ಜನಕ್ಕೆ ಎರಡು ವಿಷಯ ಗೊತ್ತಿದ್ದವು: ಮರಿಗೆ ಗಾಳಿ ಬೇಕು, ನೀರು ಕೊಳೆಯಬಾರದು. ಎರಡರಲ್ಲಿ ಮೊದಲನೆಯದು ಕಣ್ಣಿಗೆ ಕಾಣುವಂಥದು, ಮರಿಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವಲ್ಲ! ಆದ್ದರಿಂದ ಪಂಡಿತರೂ ಬಹುಕಾಲ ಗಾಳಿಯ ಹಿಂದೆಯೇ ಹೋದರು. ಅಮೆರಿಕದಲ್ಲೂ ಇದೇ ಕಥೆ. 1871ರಲ್ಲಿ ಸೇತ್ ಗ್ರೀನ್ ಎಂಬಾತ ಪೂರ್ವ ಕರಾವಳಿಯ ಶ್ಯಾಡ್ ಮೀನಿನ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ, ಆಗಷ್ಟೇ ಎರಡು ವರ್ಷದ ಹಿಂದೆ ಖಂಡದ ಉದ್ದಕ್ಕೂ ಪೂರ್ಣಗೊಂಡಿದ್ದ ರೈಲು ಮಾರ್ಗದಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟ. ದಾರಿಯುದ್ದಕ್ಕೂ ನೀರು ಬದಲಿಸುವುದೇ ಅವನ ಕಸುಬಾಯಿತು. ವಾರದ ಕೊನೆಗೆ ಸುಮಾರು ಹತ್ತು ಸಾವಿರ ಮರಿಗಳನ್ನು ಸ್ಯಾಕ್ರಮೆಂಟೊ ನದಿಗೆ ಬಿಟ್ಟ. ಅವುಗಳ ಸಂತತಿ ಪಶ್ಚಿಮ ಕರಾವಳಿಯಲ್ಲಿ ಇಂದಿಗೂ ಇದೆ. ನಮ್ಮ ಹಾಂಡಿಯವನಿಗೂ ಅವನಿಗೂ ಇದ್ದ ವ್ಯತ್ಯಾಸ ಪಾತ್ರೆಯದು ಮಾತ್ರ.

ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪ್ಲಾಸ್ಟಿಕ್ ಬಂತು. ಪಾಲಿಥೀನ್ ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದ ಭಾಗಕ್ಕೆ ಸಿಲಿಂಡರಿನಿಂದ ಆಮ್ಲಜನಕ ತುಂಬಿ, ಬಾಯಿ ಬಿಗಿದು, ಸೀಮೆಎಣ್ಣೆ ಡಬ್ಬದೊಳಗೆ ಇಡುವ ಪದ್ಧತಿ ಹರಡಿತು. ರಾತ್ರಿಯಿಡೀ ನೀರು ತಟ್ಟುವವನಿಗೆ ಕೊನೆಗೂ ನಿದ್ದೆ ಸಿಕ್ಕಿತು. ಅದಕ್ಕೆ ಸರಿಯಾಗಿ 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಞ್ಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಕೊಳದಲ್ಲಿಯೇ ಮೊಟ್ಟೆ ಇಡಿಸಿದರು. ಈಗ ಜುಲೈ 10 ರಾಷ್ಟ್ರೀಯ ಮೀನುಕೃಷಿಕರ ದಿನ. ನದಿಯ ಹಂಗು ತಪ್ಪಿತು. ನಮ್ಮಲ್ಲೂ ಭದ್ರಾ ಜಲಾಶಯದ ಬಿ.ಆರ್. ಪ್ರಾಜೆಕ್ಟ್, ತುಂಗಭದ್ರಾ ಅಣೆಕಟ್ಟಿನಂಥ ಕಡೆ ಮೀನುಮರಿ ಉತ್ಪಾದನಾ ಕೇಂದ್ರಗಳು ಎದ್ದವು. ಆದರೂ ಕೇಂದ್ರದಿಂದ ಕೆರೆಗೆ ಮರಿ ಹೋಗಲೇಬೇಕಲ್ಲ? ಪ್ರಯಾಣ ಚಿಕ್ಕದಾಯಿತೇ ಹೊರತು ನಿಲ್ಲಲಿಲ್ಲ.

ಇಲ್ಲಿಂದ ಕಥೆ ರಂಗೇರುತ್ತದೆ. ಚೀಲದಲ್ಲಿ ಆಮ್ಲಜನಕ ಧಾರಾಳವಾಗಿದೆ. ಮರಿಗಳು ಬಾಯಿ ಬಿಡುತ್ತಿಲ್ಲ. ಆದರೂ ಸಾಯುತ್ತವೆ! ಕೆಲವು ಚೀಲದಲ್ಲೇ, ಇನ್ನು ಕೆಲವು ಕೆರೆಗೆ ಬಿಟ್ಟ ಮೇಲೆ. ಗಾಳಿಯ ಕೊರತೆ ಎಂಬ ದೊಡ್ಡ ಶತ್ರು ಪಕ್ಕಕ್ಕೆ ಸರಿದಾಗ ಅದರ ಬೆನ್ನ ಹಿಂದೆ ಅಡಗಿದ್ದವರು ಕಾಣಿಸಿಕೊಂಡರು. ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಚೀಲದಿಂದ ಹೊರಗೆ ಹೋಗುವಂತಿಲ್ಲ. ಮೀನು ತನ್ನ ದೇಹದ ಸಾರಜನಕದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲೇ ನೀರಿಗೆ ಬಿಡುತ್ತದೆ. ಅದೂ ಅಲ್ಲೇ ಉಳಿಯುತ್ತದೆ. ಮರಿ ತನ್ನ ಕಸದಲ್ಲೇ ಈಜಬೇಕು.

ರಸಾಯನಶಾಸ್ತ್ರ ಓದುತ್ತಿರುವವರು ಈಗ ಸ್ವಲ್ಪ ಕಿವಿಗೊಡಿ. ನೀರಿನಲ್ಲಿ ಅಮೋನಿಯಾ ಎರಡು ವೇಷದಲ್ಲಿರುತ್ತದೆ. ಒಂದು ಅಮೋನಿಯಂ ಅಯಾನು, ಇದು ಬಹುಮಟ್ಟಿಗೆ ಸಾಧು. ಇನ್ನೊಂದು ಅಯಾನೀಕರಣಗೊಳ್ಳದ ಅಮೋನಿಯಾ, ಇದು ಕಿವಿರಿನ ಪೊರೆಯನ್ನು ಸಲೀಸಾಗಿ ದಾಟಿ ಒಳನುಗ್ಗುವ ವಿಷ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಪಿಎಚ್. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ವಿಷರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಸುಮಾರು 5 ಪಾಲು! ಮುಚ್ಚಿದ ಚೀಲದಲ್ಲಿ ಡೈಆಕ್ಸೈಡ್ ಕರಗಿ ನೀರು ಹುಳಿಯಾಗುತ್ತದೆ, ಪಿಎಚ್ ಇಳಿಯುತ್ತದೆ, ಅಮೋನಿಯಾ ಸಾಧುವಾಗಿರುತ್ತದೆ. ಒಂದು ಕೇಡು ಇನ್ನೊಂದು ಕೇಡನ್ನು ಹಿಡಿದಿಟ್ಟಿರುತ್ತದೆ ಅನ್ನಿ.

ಈಗ ಚೀಲದ ಬಾಯಿ ಬಿಚ್ಚಿ ಹಾಗೇ ಇಟ್ಟರೆ? ಸೋಡಾ ಬಾಟಲಿ ಬಿಚ್ಚಿಟ್ಟರೆ ಏನಾಗುತ್ತದೋ ಅದೇ. ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಮೇಲೇರುತ್ತದೆ, ಸಾಧು ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ತುಮಕೂರು ಕಡೆಯ ಒಂದು ಕೆರೆಗೆ ಮರಿ ಬಿಡುವ ದೃಶ್ಯ ಚಿತ್ರಿಸಲು ಹೋಗಿದ್ದೆವು. ಮೀನುಗಾರರ ಸಹಕಾರ ಸಂಘದವರು ಬೆಳಗಿನಿಂದ ಪ್ರಯಾಣ ಮಾಡಿ ಬಂದ ಚೀಲಗಳನ್ನು ವ್ಯಾನಿನಿಂದ ಇಳಿಸುತ್ತಿದ್ದರು. ಸಂಜೆಯ ಬೆಳಕು ಬಂಗಾರದ ಹಾಗಿತ್ತು. ಸಂಘದ ಹಿರಿಯರೊಬ್ಬರು, "ಸಾರ್, ಚೀಲ ಕಟ್ಟಿದ ಹಾಗೇ ಅರ್ಧ ಗಂಟೆ ನೀರಲ್ಲಿ ತೇಲಲಿ, ಆಮೇಲೆ ಬಿಚ್ಚಾಣ" ಎಂದರು. "ಬೆಳಕು ಹೋಗ್ತದೆ ಯಜಮಾನ್ರೇ" ಎಂದೆ. ಎಲ್ಲ ಚೀಲಗಳ ಬಾಯಿ ಬಿಚ್ಚಿಸಿ ಏರಿಯ ಮೇಲೆ ಸಾಲಾಗಿ ಇಡಿಸಿದೆ. ಕ್ಯಾಮೆರಾ ಕೋನ ಸರಿಯಾಗಲು ಕಾಲು ಗಂಟೆ ಹಿಡಿಯಿತು. ಆಮೇಲೆ ಒಟ್ಟಿಗೆ ಸುರಿಯಿರಿ ಎಂದೆ. ಬೆಳ್ಳಿಯ ಧಾರೆಯಂತೆ ಮರಿಗಳು ಕೆರೆಗಿಳಿದವು. ಬಹಳ ಒಳ್ಳೆಯ ಶಾಟ್ ಅದು.

ಮರುದಿನ ಬೆಳಿಗ್ಗೆ ಒಂದು ಉಳಿದ ದೃಶ್ಯಕ್ಕಾಗಿ ಮತ್ತೆ ಅಲ್ಲಿಗೆ ಹೋದೆವು. ಜೊಂಡಿನ ಬುಡದಲ್ಲಿ, ಗಾಳಿ ತಳ್ಳಿದ ಕಡೆಯೆಲ್ಲ, ಬಿಳಿಯ ಹೊಟ್ಟೆಗಳು. ಯಜಮಾನರು ನನ್ನನ್ನು ಬಯ್ಯಲಿಲ್ಲ. "ಇದನ್ನ ಕ್ಯಾಮೆರಾದಾಗೆ ಹಿಡೀಬೇಡಿ ಸಾರ್" ಎಂದರು, ಅಷ್ಟೇ. ಕಾರ್ಯಕ್ರಮದಲ್ಲಿ ಹಿಂದಿನ ಸಂಜೆಯ ಬೆಳ್ಳಿಯ ಧಾರೆಯೇ ಪ್ರಸಾರವಾಯಿತು. ಬಿ.ಎಸ್ಸಿ.ಯಲ್ಲಿ ನನ್ನ ಮುಖ್ಯ ವಿಷಯ ರಸಾಯನಶಾಸ್ತ್ರ. ಪಿಎಚ್ ಮತ್ತು ಅಮೋನಿಯದ ಸಮತೋಲನದ ಸಮೀಕರಣವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವನು ನಾನು. ಆ ಏರಿಯ ಮೇಲೆ ಅದು ನೆನಪಿಗೆ ಬರಲೇ ಇಲ್ಲ.

ಅದಿರಲಿ, ಆ ಸಾವುಗಳಿಗೆ ಅಮೋನಿಯಾ ಒಂದೇ ಕಾರಣವಲ್ಲ. ಚೀಲದ ಬೆಚ್ಚನೆಯ ನೀರಿನಿಂದ ಕೆರೆಯ ನೀರಿಗೆ ದಿಢೀರನೆ ಬಿದ್ದ ಆಘಾತವೂ ಇತ್ತು. ಇನ್ನೊಂದು ಕಾರಣ ಮೀನಿನ ಒಳಗೇ ಇತ್ತು. ಉಪ್ಪಿನ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿ.

ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿ 1936ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಚಳಿ, ಗಾಯ, ವಿಷ, ಅತಿ ದಣಿವು, ಕಾರಣ ಯಾವುದೇ ಇರಲಿ, ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದ. ಇಂದು ನಾವು ಮಾತುಮಾತಿಗೆ ಬಳಸುವ 'ಸ್ಟ್ರೆಸ್', ಅಂದರೆ ಒತ್ತಡ, ಎಂಬ ಪದ ಶರೀರವಿಜ್ಞಾನದಲ್ಲಿ ನೆಲೆಯೂರಿದ್ದು ಅವನಿಂದ. ಮೀನಿಗೂ ಇದು ಅನ್ವಯಿಸುತ್ತದೆಯೇ ಎಂದು ಬೆದಕುವ ಕೆಲಸ ಬಿರುಸಾದದ್ದು 1970ರ ದಶಕದಲ್ಲಿ. ಅಮೆರಿಕದ ಗ್ಯಾರಿ ವೆಡೆಮೇಯರ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಹೊ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಟ್ರೌಟ್ ಮರಿಗಳನ್ನು ಮೆದು ನೀರಿನಲ್ಲಿ ಹಿಡಿದು ಮುಟ್ಟಿದಾಗ ಅವುಗಳ ರಕ್ತದಲ್ಲಿ ಏನಾಗುತ್ತದೆ ಎಂದು ಅಳೆದ. ಸಕ್ಕರೆ ಏರುತ್ತಿತ್ತು, ಕ್ಲೋರೈಡ್ ಇಳಿಯುತ್ತಿತ್ತು. ನೀರಿಗೆ ಉಪ್ಪು ಸೇರಿಸಿದಾಗ ಈ ಏರುಪೇರು ತಗ್ಗಿತು.

ಏಕೆ? ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶ ಲೀಟರಿಗೆ ಎಂಟೊಂಬತ್ತು ಗ್ರಾಂ ಉಪ್ಪಿನಷ್ಟಿರುತ್ತದೆ. ಹೊರಗಿನ ನೀರು ಸಪ್ಪೆ. ನಿಮ್ಮ ಪಠ್ಯದಲ್ಲಿರುವ ಪರಾಸರಣ ಇಲ್ಲಿ ಪ್ರತಿಕ್ಷಣವೂ ನಡೆಯುತ್ತಿರುತ್ತದೆ. ತೆಳ್ಳನೆಯ ಕಿವಿರುಗಳ ಮೂಲಕ ನೀರು ಒಳಗೆ ನುಗ್ಗುತ್ತದೆ, ಲವಣ ಹೊರಗೆ ಸೋರುತ್ತದೆ. ಮೀನು ನೀರನ್ನು ಹೇರಳ ಮೂತ್ರವಾಗಿ ಹೊರಹಾಕಿ, ಕಿವಿರಿನ ವಿಶೇಷ ಕೋಶಗಳಿಂದ ಲವಣವನ್ನು ಮತ್ತೆ ಹೆಕ್ಕಿಕೊಂಡು ಬದುಕುತ್ತದೆ. ಸೋರುವ ದೋಣಿಯಲ್ಲಿ ಕುಳಿತವನು ಮೊಗೆಯುತ್ತಲೇ ಇರಬೇಕಲ್ಲ, ಹಾಗೆ. ಇದಕ್ಕೆ ಶಕ್ತಿ ಖರ್ಚಾಗುತ್ತದೆ.

ಬಲೆಯಲ್ಲಿ ಎತ್ತಿ, ಎಣಿಸಿ, ಚೀಲಕ್ಕೆ ಹಾಕಿದಾಗ ಮರಿ ಹೆದರುತ್ತದೆ. ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳು ರಕ್ತಕ್ಕೆ ಹರಿಯುತ್ತವೆ. ಓಡಿಹೋಗಲು ಹೆಚ್ಚು ಆಮ್ಲಜನಕ ಬೇಕೆಂದು ಕಿವಿರುಗಳಿಗೆ ರಕ್ತ ಜೋರಾಗಿ ನುಗ್ಗುತ್ತದೆ. ಆದರೆ ಆಮ್ಲಜನಕಕ್ಕೆ ತೆರೆದ ಬಾಗಿಲಿನಿಂದಲೇ ಲವಣವೂ ಹೆಚ್ಚಾಗಿ ಸೋರಿಹೋಗುತ್ತದೆ. ಬಲೆಗೆ ಉಜ್ಜಿ ಮೈಯ ಲೋಳೆ ಹೋಗಿದ್ದರಂತೂ ಇನ್ನೂ ಕಷ್ಟ. ಓಡಲು ಜಾಗವಿಲ್ಲದ ಚೀಲದಲ್ಲಿ, ಸೋರುವ ದೋಣಿಗೆ ಇನ್ನೊಂದು ತೂತು ಬಿದ್ದಂತೆ. ಹೀಗೆ ಬಳಲಿದ ಮರಿ ದಾರಿಯಲ್ಲಿ ಸಾಯಬೇಕೆಂದಿಲ್ಲ. ಕೆರೆಗೆ ಇಳಿಯುವಾಗ ಚುರುಕಾಗಿಯೇ ಕಾಣಬಹುದು. ಒಂದೆರಡು ದಿನದಲ್ಲಿ, ಇಲ್ಲವೇ ರೋಗ ತಗುಲಿ ಒಂದು ವಾರದಲ್ಲಿ ಸಾಯುತ್ತದೆ.

ಇನ್ನು ಉಪ್ಪಿನ ಕೆಲಸ ನಿಮಗೇ ಹೊಳೆದಿರಬೇಕು. ಹೊರಗಿನ ನೀರಿಗೆ ಲೀಟರಿಗೆ ಎರಡರಿಂದ ಐದು ಗ್ರಾಂ ಉಪ್ಪು ಬೆರೆಸಿದರೆ ಒಳಗೂ ಹೊರಗೂ ಇರುವ ಅಂತರ ತಗ್ಗುತ್ತದೆ, ಸೋರಿಕೆ ಕಡಮೆಯಾಗುತ್ತದೆ, ಮೊಗೆಯುವ ಶ್ರಮ ಉಳಿಯುತ್ತದೆ. ಜಾತಿ ಮತ್ತು ಮರಿಯ ವಯಸ್ಸು ನೋಡಿ ಪ್ರಮಾಣ ಬದಲಾಗುತ್ತದೆ. ತೀರ ಎಳೆಮರಿಗೆ ಕಡಮೆ. ಆರು ಲೀಟರ್ ನೀರಿನ ಚೀಲಕ್ಕೆ ಮೂರು ಗ್ರಾಂ ಲೆಕ್ಕದಲ್ಲಿ ಹದಿನೆಂಟು ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ. ಬೆಲೆ ಹೇಳುವಷ್ಟೇನೂ ಅಲ್ಲ.

ಮನುಷ್ಯನಿಗೆ ಇಷ್ಟು ಅಗ್ಗದ ಔಷಧ ಒಗ್ಗುವುದು ನಿಧಾನ. ಈ ನಡುವೆ ಬೇರೆ ಎಷ್ಟೋ ಪ್ರಯತ್ನಗಳಾದವು. 1958ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಕ್‌ಫರ್ಲೆಂಡ್ ಮತ್ತು ನಾರಿಸ್, ಪಿಎಚ್ ಅಲುಗದಂತೆ ಹಿಡಿಯುವ ಟ್ರಿಸ್ ಎಂಬ ಬಫರ್ ರಾಸಾಯನಿಕವನ್ನು ಸಾಗಣೆ ನೀರಿಗೆ ಬೆರೆಸಿ ನೋಡಿದರು. ಮರಿಗಳಿಗೆ ಮಂಪರು ಬರಿಸುವ ಔಷಧಗಳೂ ಬಂದವು. ಮಂಪರಿನಲ್ಲಿರುವ ಮರಿ ಕಡಮೆ ಉಸಿರಾಡುತ್ತದೆ, ಕಡಮೆ ಕೊಳೆ ಮಾಡುತ್ತದೆ. ಆದರೆ ಔಷಧ ಒಂದಿಷ್ಟು ಹೆಚ್ಚಾದರೆ ಮರಿ ತಳಕ್ಕೆ ಬಿದ್ದು ಒಂದರ ಮೇಲೊಂದು ಉಸಿರುಗಟ್ಟುತ್ತವೆ. ತಿನ್ನುವ ಮೀನಿಗೆ ಇಂಥವನ್ನು ಕೊಡಬಹುದೇ ಎಂಬ ಪ್ರಶ್ನೆ ಬೇರೆ. ಅಮೋನಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಜಿಯೊಲೈಟ್ ಎಂಬ ಖನಿಜದ ಹರಳುಗಳೂ ಬಳಕೆಗೆ ಬಂದವು. ಇಲ್ಲೊಂದು ತಮಾಷೆಯಿದೆ. ಜಿಯೊಲೈಟ್ ಒಳ್ಳೆಯದು, ಉಪ್ಪೂ ಒಳ್ಳೆಯದು ಎಂದು ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ, ಉಪ್ಪಿನ ಸೋಡಿಯಂ ಜಿಯೊಲೈಟಿನ ಒಳಗೆ ಕುಳಿತು ಅಮೋನಿಯಂ ಅನ್ನು ಹೊರದಬ್ಬುತ್ತದೆ. ಪ್ರಯೋಗಾಲಯದಲ್ಲಿ ಜಿಯೊಲೈಟನ್ನು ತೊಳೆದು ಮತ್ತೆ ಹೊಸದು ಮಾಡುವುದೇ ಉಪ್ಪುನೀರಿನಲ್ಲಿ!

ಇದೆಲ್ಲದರಿಂದ ನಷ್ಟ ಯಾರಿಗೆ ಎಂದು ನೀವು ಕೇಳಬಹುದು. ಮರಿ ಮಾರಾಟವಾಗುವುದು ಎಣಿಕೆಯ ಮೇಲೆ, ಚೀಲಕ್ಕೆ ತುಂಬುವಾಗ. ದಾರಿಯಲ್ಲಿ ಸತ್ತದ್ದು ಕಣ್ಣಿಗೆ ಕಾಣುತ್ತದೆ, ಜಗಳವಾದರೂ ಆಡಬಹುದು. ಕೆರೆಗೆ ಬಿಟ್ಟ ಮೂರನೆಯ ದಿನ ನೀರಿನಡಿ ಸತ್ತದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ವರ್ಷದ ಕೊನೆಗೆ ಬಲೆ ಬೀಸಿದಾಗ ಮೀನಿಲ್ಲ. ಕಳ್ಳರು ಹಿಡಿದರು, ನೀರುಕಾಗೆ ತಿಂದಿತು, ಕೋಡಿ ಬಿದ್ದಾಗ ಹೊರಟುಹೋದವು ಎಂದು ಕಾರಣ ಹುಡುಕುತ್ತಾರೆ. ಅವೂ ನಿಜವಿರಬಹುದು. ಆದರೆ ಸಂಘದ ಸದಸ್ಯರು ಕಟ್ಟಿದ ಹಣ ಎಷ್ಟೋ ಸಲ ಮರಿ ಬಿಟ್ಟ ವಾರದಲ್ಲೇ ಮುಳುಗಿರುತ್ತದೆ.

ಅದನ್ನು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ಬಂದ ಮರಿಗಳಲ್ಲಿ ನೂರನ್ನು ಎಣಿಸಿ, ಅದೇ ಕೆರೆಯಲ್ಲಿ ಗೂಟ ನೆಟ್ಟು ಕಟ್ಟಿದ ಹಾಪಾದಲ್ಲಿ ಬಿಟ್ಟು, ಮೂರು ದಿನ ಬಿಟ್ಟು ಮತ್ತೆ ಎಣಿಸುವುದು.

ಕಳೆದ ಮಳೆಗಾಲದಲ್ಲಿ ಆ ಕೆರೆಗೆ ಮತ್ತೆ ಹೋಗಿದ್ದೆ, ಕ್ಯಾಮೆರಾ ಇಲ್ಲದೆ. ಯಜಮಾನರಿಗೆ ಈಗ ಕಣ್ಣು ಮಂದ. ಏರಿಯ ಮೇಲೆ ಕುಳಿತು ಮಗನಿಗೆ ಹೇಳಿ ಮಾಡಿಸುತ್ತಾರೆ. ಮರಿ ಕೇಂದ್ರದಲ್ಲೇ ನೀರಿಗೆ ಉಪ್ಪು ಬೆರೆಸಿ ತುಂಬಿಸಿಕೊಂಡು ಬಂದಿದ್ದರು. ಬಿಸಿಲು ಇಳಿಯುವವರೆಗೆ ಕಾದು, ಕಟ್ಟಿದ ಚೀಲಗಳನ್ನು ನೀರಿನ ಮೇಲೆ ತೇಲಬಿಟ್ಟರು. ಅರ್ಧ ಗಂಟೆಯಾದ ಮೇಲೆ ಒಂದೊಂದೇ ಚೀಲವನ್ನು ಬಿಚ್ಚಿದರು. ಬಿಚ್ಚಿದ ಮೇಲೆ ತಡಮಾಡಲಿಲ್ಲ. ಎರಡು ಮೂರು ಸಲ ಬೊಗಸೆಯಲ್ಲಿ ಕೆರೆಯ ನೀರು ಬೆರೆಸಿ, ಚೀಲದ ಬಾಯನ್ನು ನೀರಿನೊಳಗೇ ಓರೆ ಮಾಡಿ ಹಿಡಿದರು. ಮರಿಗಳು ಮೊದಲು ಹೊರಡಲಿಲ್ಲ. ಆಮೇಲೆ ಒಂದು ಹೋಯಿತು, ಹಿಂದೆಯೇ ನಾಲ್ಕೈದು. ಅಷ್ಟು ಹೊತ್ತಿಗೆ ಕತ್ತಲಾಗುತ್ತಿತ್ತು, ಚಿತ್ರ ತೆಗೆಯುವ ಬೆಳಕಿರಲಿಲ್ಲ.

ಹಾಪಾಕ್ಕೆ ನೂರು ಮರಿ ಎಣಿಸಿ ಹಾಕುವಾಗ ಮಗ ಎರಡು ಸಲ ಲೆಕ್ಕ ತಪ್ಪಿದ. ಯಜಮಾನರು ಮೂರನೆಯ ಸಲ ಎಣಿಸಿದರು.

"ಇನ್ನು ಮೂರು ದಿನಕ್ಕೆ ಎಣಿಸಿ ಫೋನ್ ಮಾಡಿಸ್ತೀನಿ ಸಾರ್" ಎಂದರು.